ಪೊರಕೆಯ ಮೇಲೇಕೆ ಗೂಬೆ?

ಒಂದು ಸೋಮವಾರ ಬೆಳಿಗ್ಗೆ ನಮ್ಮ ಕಚೇರಿಯ ಸರ್ವರ್ ಏಳಲಿಲ್ಲ. ಕಪ್ಪು ಪರದೆಯ ಮೇಲೆ, ಬೂಟ್ ಆಗಲು ಡಿಸ್ಕೇ ಸಿಗುತ್ತಿಲ್ಲವೆಂಬ ಒಂದು ಸಾಲು ಅಷ್ಟೆ. ಡಿಸ್ಕು ಸಿಗದಿದ್ದರೇನಂತೆ, ಹತ್ತು ನಿಮಿಷದಲ್ಲಿ ಅಪರಾಧಿ ಸಿಕ್ಕಿದಳು: ಕಸ ಗುಡಿಸುವಾಕೆ. "ಪೊರಕೆ ತಾಗಿ ತಂತಿ ಅಲುಗಿದೆ, ಇನ್ನೇನು?" ಎಂದರು ಸಾಹೇಬರು. ಅವಳ ಸಂಬಳ ಹಿಡಿಯುವ ಮಾತೂ ಬಂತು.

ಹದಿನೆಂಟು ವರ್ಷ ತಲೆ ತಗ್ಗಿಸಿ ಲೆಕ್ಕ ಬರೆದವಳು ನಾನು. ಅಂದು ಮಾತ್ರ ಸುಮ್ಮನಿರಲಾಗಲಿಲ್ಲ.

ವಿದ್ಯುತ್ ಥಟ್ಟನೆ ಹೋದರೆ ಬರೆಯುತ್ತಿದ್ದ ಕಡತ ಕೆಡಬಹುದು, ಒಪ್ಪಿದೆ. ಆದರೆ ಆ ಪೆಟ್ಟಿಗೆಯಲ್ಲಿದ್ದದ್ದು ಎರಡು ಡಿಸ್ಕು. ರೇಡ್ ಎನ್ನುತ್ತಾರೆ, ಬರೆದದ್ದೆಲ್ಲ ಎರಡರಲ್ಲೂ ಮೂಡುತ್ತದೆ. ಒಂದು ಸತ್ತರೆ ಇನ್ನೊಂದು ನಿಭಾಯಿಸುತ್ತದೆ, ಬಲಗೈ ಸುಟ್ಟುಕೊಂಡ ದಿನವೂ ಎಡಗೈಯಲ್ಲಿ ಸಾರು ಕುದಿಸುವ ನಮ್ಮ ಹಾಗೆ. ಒಂದು ಸತ್ತೊಡನೆ ಯಂತ್ರ ಕೀಂ ಕೀಂ ಎಂದು ಕೂಗುತ್ತದೆ. ನಾಲ್ಕು ತಿಂಗಳ ಹಿಂದೆಯೇ ಕೂಗಿತ್ತು. ನಾನು ಹೋಗಿ ಹೇಳಿದ್ದೆ. "ತಲೆನೋವು, ಮೊದಲು ಅದರ ಬಾಯಿ ಮುಚ್ಚಿಸಿ" ಎಂದರು. ಸದ್ದು ಅಡಗಿತು, ಹೊಸ ಡಿಸ್ಕು ಬರಲಿಲ್ಲ. ಒಂಟಿಯಾಗಿ ದುಡಿದದ್ದು ಈಗ ಕೈಚೆಲ್ಲಿತು. ಇದರಲ್ಲಿ ಪೊರಕೆಯ ಪಾಲೆಷ್ಟು, ನೀವೇ ಹೇಳಿ.

ರಿಪೇರಿಗೆ ಬಂದವಳು ಚಿಕ್ಕ ಹುಡುಗಿ. ರೇಡ್ ಕಾರ್ಡು ತನ್ನ ದಿನಚರಿಯನ್ನು ತಾನೇ ಬರೆದಿಡುತ್ತದಂತೆ. ತೆಗೆದು ತೋರಿಸಿದಳು. ಮೊದಲ ಡಿಸ್ಕು ಸತ್ತ ತಾರೀಖು ಅಲ್ಲೇ ಇತ್ತು!

ಸಾಹೇಬರಿಗೆ ಅವಸರ, "ರಿಪೇರಿ ಕಮಾಂಡ್ ಕೊಟ್ಟುಬಿಡಿ" ಎಂದರು. ಅವಳು ಒಪ್ಪಲಿಲ್ಲ. ಸಾಯುತ್ತಿರುವ ಡಿಸ್ಕಿನ ಮೇಲೆ ದುರಸ್ತಿ ಓಡಿಸಿದರೆ ಉಳಿದದ್ದೂ ಹೋಗಬಹುದು. ಪೆನ್ ಡ್ರೈವಿನಿಂದ ಯಂತ್ರ ಎಬ್ಬಿಸಿ, ಡಿಡಿರೆಸ್ಕ್ಯೂ ಎಂಬ ತಂತ್ರಾಂಶದಿಂದ ಹೊಸ ಡಿಸ್ಕಿಗೆ ನಕಲಿಳಿಸಿದಳು. ಚೆನ್ನಾಗಿರುವ ಭಾಗ ಮೊದಲು. ಕೆಟ್ಟ ಜಾಗಗಳಿಗೆ ಆಮೇಲೆ ಮರಳಿ ಯತ್ನ. ದುರಸ್ತಿಯೇನಿದ್ದರೂ ಆ ನಕಲಿನ ಮೇಲೆ. ಬಹುಪಾಲು ಲೆಕ್ಕ ಉಳಿಯಿತು. ಉಳಿಯದ್ದನ್ನು ರಸೀದಿ ನೋಡಿ ನಾವೇ ಹೆಂಗಸರು ಮತ್ತೆ ತುಂಬಿದೆವು.

ಬ್ಯಾಕಪ್ ಇರಲಿಲ್ಲವೇ ಎಂದೀರಿ. ಇತ್ತು. ವಾರವಾರವೂ "ಯಶಸ್ವಿ" ಎಂದು ಬರುತ್ತಿತ್ತು. ತೆರೆದರೆ ತೆರೆಯಲಿಲ್ಲ, ಏಕೆಂದರೆ ಅದುವರೆಗೆ ಯಾರೂ ತೆರೆದೇ ನೋಡಿರಲಿಲ್ಲ. ಹೆಪ್ಪು ಎತ್ತಿಟ್ಟರೆ ಸಾಲದು, ಅದು ಹಾಲನ್ನು ಮೊಸರು ಮಾಡುತ್ತದೋ ನೋಡಬೇಕೆಂದು ನಮಗೆ ಯಾರೂ ಕಲಿಸಬೇಕಿಲ್ಲ.

ದೊಡ್ಡವರೂ ಇಲ್ಲೇ ಎಡವಿದ್ದಾರೆ. 1998ರಲ್ಲಿ ಅಮೆರಿಕದ ಪಿಕ್ಸಾರ್‌ನಲ್ಲಿ ತಪ್ಪು ಕಮಾಂಡೊಂದು 'ಟಾಯ್ ಸ್ಟೋರಿ 2' ಚಿತ್ರದ ಕಡತಗಳನ್ನು ಅಳಿಸಿಹಾಕಿತು. ಬ್ಯಾಕಪ್ ನೋಡಿದರೆ ಅದೂ ಕೆಟ್ಟಿತ್ತು. ಕಾಪಾಡಿದ್ದು ಗ್ಯಾಲಿನ್ ಸುಸ್‌ಮನ್ ಎಂಬಾಕೆಯ ಮನೆಯ ಕಂಪ್ಯೂಟರ್. ಎಳೆಗೂಸಿದ್ದುದರಿಂದ ಆಕೆ ಮನೆಯಿಂದಲೇ ಕೆಲಸ ಮಾಡುತ್ತ ಚಿತ್ರದ ಪ್ರತಿ ಇಟ್ಟುಕೊಂಡಿದ್ದಳು.

ತಾರೀಖು ಕಂಡ ಮೇಲೆ ಸಂಬಳ ಹಿಡಿಯುವ ಮಾತು ನಿಂತಿತು. ತಪ್ಪಾಯಿತೆಂಬ ಮಾತು ಮಾತ್ರ ಸಾಹೇಬರ ಬಾಯಿಂದ ಇಂದಿಗೂ ಹೊರಟಿಲ್ಲ. ಹಾಗಾಗಿ ಅಕ್ಕತಂಗಿಯರೇ, ನಿಮ್ಮ ಕಚೇರಿಯಲ್ಲಿ ಯಂತ್ರ ಕೂಗಿದರೆ ಬಾಯಲ್ಲಿ ಹೇಳಿ ಸುಮ್ಮನಾಗಬೇಡಿ. ತಾರೀಖು ಹಾಕಿ ಬರೆದು ಕೊಡಿ, ಒಂದು ಪ್ರತಿ ನಿಮ್ಮಲ್ಲಿರಲಿ. ಯಂತ್ರದ ಬಾಯಿ ಮುಚ್ಚಿಸಿದವರು ನಾಳೆ ಪೊರಕೆ ಹಿಡಿದವಳ ಕಡೆ ಬೆರಳು ತೋರಿಸುತ್ತಾರೆ.