ಗೋಡೆ ಕೆಡವಿ, ಆಮೇಲೆ ಗಂಟೆ ಬಾರಿಸಿ

ಯೇಸುವನ್ನು ಊರೊಳಗೆ ಕೊಲ್ಲಲಿಲ್ಲ. ಊರಬಾಗಿಲ ಆಚೆಗೆ ಎಳಕೊಂಡು ಹೋಗಿ ಕೊಂದರು. ನಮ್ಮ ಹೊಲಗೇರಿ, ಮಾದಿಗರ ಹಟ್ಟಿ ಎಲ್ಲಿರುತ್ತವೋ ಅಂಥ ಕಡೆ. ಕ್ರೈಸ್ತ ಧರ್ಮದ ಬಗ್ಗೆ ಬಾಯಿ ತೆರೆಯುವವರು ಮೊದಲು ಆ ಜಾಗವನ್ನು ನೆನಪಿಟ್ಟುಕೊಳ್ಳಬೇಕು.

ನಾನು ಚರ್ಚಿನವನಲ್ಲ. ಬಾಬಾಸಾಹೇಬರು ತೋರಿಸಿದ ದಾರಿಯವನು. ಆದರೆ ನಮ್ಮ ಅಣ್ಣತಮ್ಮಂದಿರು, ಅಕ್ಕತಂಗಿಯರು ಲಕ್ಷಗಟ್ಟಲೆ ಜನ ಶಿಲುಬೆಯ ಮುಂದೆ ಮೊಣಕಾಲೂರಿದ್ದಾರೆ. ಅವರು ನಂಬಿದ್ದೇನು, ಅವರಿಗೆ ಸಿಕ್ಕಿದ್ದೇನು ಎಂದು ಕೇಳುವ ಹಕ್ಕು ನನಗಿದೆ.

ಆ ನಂಬಿಕೆಯ ತಿರುಳು ಇಷ್ಟು: ದೇವರು ಮನುಷ್ಯನಾಗಿ ಬಂದ. ಅವನನ್ನು ಕೊಂದರು. ಆ ಸಾವಿನಿಂದ ಮನುಷ್ಯರ ಪಾಪಕ್ಕೆ ಕ್ಷಮೆ ಸಿಕ್ಕಿತು. ಮೂರನೆಯ ದಿನ ಅವನು ಎದ್ದು ಬಂದ.

ಕೇಳಿದವರಿಗೆ ಪುರಾಣದಂತೆ ಕಾಣಬಹುದು. ಆದರೆ ಜಾತಿಯ ನೆಲದಲ್ಲಿ ನಿಂತು ಕೇಳಿ. ನಮ್ಮ ದೇಶದ ದೇವರಿಗೆ ಮಡಿ. ನಾವು ಮುಟ್ಟಿದರೆ ಮೈಲಿಗೆ. ಈ ದೇವರು ದನದ ಕೊಟ್ಟಿಗೆಯಲ್ಲಿ ಹುಟ್ಟಿದ, ಬಡಗಿಯ ಮನೆಯಲ್ಲಿ ಬೆಳೆದ, ಕುಷ್ಠರೋಗಿಯನ್ನು ಕೈಯಾರೆ ಮುಟ್ಟಿದ, ಊರವರು ಥೂ ಅಂದವರ ಜೊತೆ ಕೂತು ಉಂಡ. ಬಸುರಿ ತಾಯಿ ಹಾಡಿದ್ದೇ ಸಿಂಹಾಸನದಿಂದ ದೊರೆಗಳು ಬೀಳುವ, ಹಸಿದವರ ಹೊಟ್ಟೆ ತುಂಬುವ ಹಾಡು. ಚರ್ಚಿನಲ್ಲಿ ಎಲ್ಲರೂ ಎದ್ದು ನಿಂತು ಹೇಳುವ ವಿಶ್ವಾಸ ಪ್ರಮಾಣದಲ್ಲಿ ಒಬ್ಬನೇ ಒಬ್ಬ ಸರ್ಕಾರಿ ಅಧಿಕಾರಿಯ ಹೆಸರಿದೆ: ಪೊಂತ್ಯ ಪಿಲಾತ. ಕೊಲ್ಲಿಸಿದವನ ಹೆಸರನ್ನು ಎರಡು ಸಾವಿರ ವರ್ಷವಾಗುತ್ತ ಬಂದರೂ ಮರೆತಿಲ್ಲ. ನಮ್ಮನ್ನು ಕೊಂದವರ ಹೆಸರು ಎಫ್‌ಐಆರ್‌ನಲ್ಲೂ ಸರಿಯಾಗಿ ಬರುವುದಿಲ್ಲ.

ಇನ್ನು ಪಾಪ. ಬೀಡಿ ಸೇದುವುದು ಪಾಪ, ಸಿನಿಮಾ ನೋಡುವುದು ಪಾಪ ಎನ್ನುವ ಪಾದ್ರಿಗಳಿದ್ದಾರೆ. ಜಾತಿ ಮಾಡುವುದು ಪಾಪ ಎಂದು ಭಾನುವಾರ ಗಟ್ಟಿಯಾಗಿ ಹೇಳುವವರು ಎಷ್ಟು ಜನ ಸ್ವಾಮಿ?

ಆರಾಧನೆ ಅಂದರೇನು? ಆರ್ಗನ್ನಿನ ಸದ್ದೇ? ಮೇಣದಬತ್ತಿಯೇ? ಉತ್ತರ ಅವರ ಪುಸ್ತಕದಲ್ಲೇ ಇದೆ. ಕುರಿ ಕಾಯುತ್ತಿದ್ದ ಆಮೋಸ ಹೇಳಿದ್ದು: ನ್ಯಾಯವಿಲ್ಲದವರ ಹಬ್ಬ, ಹಾಡು ದೇವರಿಗೆ ಹೇಸಿಗೆ. ಯೇಸು ಹೇಳಿದ್ದು: ನಿನ್ನ ಮೇಲೆ ಸೋದರನ ದೂರಿದ್ದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗಿ ಅವನ ಜೊತೆ ಸರಿಮಾಡಿಕೋ, ಆಮೇಲೆ ಬಾ. ಕೊರಿಂಥದ ಸಭೆಯಲ್ಲಿ ಉಳ್ಳವರು ಮೊದಲೇ ಉಂಡು ಕುಡಿದು, ಬಡವರು ಹಸಿದು ಕೂತಾಗ ಪೌಲ ಉಗಿದು ಬರೆದ: ನೀವು ಉಣ್ಣುತ್ತಿರುವುದು ಪ್ರಭುವಿನ ಭೋಜನವೇ ಅಲ್ಲ. ಕೊನೆಯ ರಾತ್ರಿ ಗುರು ಬಗ್ಗಿ ಶಿಷ್ಯರ ಕಾಲು ತೊಳೆದ. ಒಂದೇ ರೊಟ್ಟಿ, ಒಂದೇ ಬಟ್ಟಲು. ಇದು ಆರಾಧನೆ. ಮಿಕ್ಕದ್ದೆಲ್ಲ ಮೆರವಣಿಗೆ.

ಈ ಬಟ್ಟಲು ನಮ್ಮ ದೇಶಕ್ಕೆ ಬಂದು ಏನಾಯಿತು? ತಮಿಳು ಸೀಮೆಯ ಹಳೆಯ ಸಭೆಗಳಲ್ಲಿ ಮೇಲಿನವರು ಮೊದಲು, ಪರೆಯರು ಕೊನೆಗೆ. ಹೋಟೆಲಿನ ಬೇರೆ ಲೋಟಕ್ಕೂ ಇದಕ್ಕೂ ಏನು ವ್ಯತ್ಯಾಸ? 1833ರಲ್ಲಿ ಬಿಷಪ್ ಡೇನಿಯಲ್ ವಿಲ್ಸನ್ ಸಭೆಯೊಳಗಿನ ಜಾತಿ ಬಿಡಲೇಬೇಕು ಎಂದಾಗ ಎಷ್ಟೋ ವೆಳ್ಳಾಳರು ಸಭೆಯನ್ನೇ ಬಿಟ್ಟರು, ಜಾತಿ ಬಿಡಲಿಲ್ಲ. ತಿರುನೆಲ್ವೇಲಿ ಸೀಮೆಯ ವಡಕ್ಕನ್‌ಕುಳಂನಲ್ಲಿ 1872ರಲ್ಲಿ ಪ್ಯಾಂಟಿನ ಎರಡು ಕಾಲಿನಂತೆ ಚರ್ಚು ಕಟ್ಟಿದರು. ಒಂದು ಕಾಲಲ್ಲಿ ವೆಳ್ಳಾಳರು, ಇನ್ನೊಂದರಲ್ಲಿ ನಾಡಾರರು. 1910ರಲ್ಲಿ ನಡುವಿನ ಗೋಡೆ ಒಡೆಸಿದಾಗ ವೆಳ್ಳಾಳರು ಕೋರ್ಟಿಗೆ ಹೋಗಿ ಸೋತರು. ನಾಡಾರರಿಗೇ ಈ ಗತಿಯಾದರೆ ಅವರಿಗಿಂತ ಕೆಳಗಿಟ್ಟವರ ಗತಿ ನೀವೇ ಊಹಿಸಿ. ಕೇರಳದಲ್ಲಿ ಪರೆಯ ಕುಲದ ಪೊಯ್ಕಯಿಲ್ ಯೋಹನ್ನಾನ್ ಮಾರ್ಥೋಮ ಸಭೆಗೆ ಹೋಗಿ, ಅಲ್ಲೂ ಜಾತಿ ಕಂಡು ಹೊರಬಂದು, ಬೈಬಲನ್ನೇ ಸುಟ್ಟರು. ಮನುಸ್ಮೃತಿ ಸುಟ್ಟ ಬಾಬಾಸಾಹೇಬರ ಕಥೆ ಗೊತ್ತಿರುವ ನಮಗೆ ಆ ಬೆಂಕಿಯ ಅರ್ಥ ಯಾರೂ ಹೇಳಿಕೊಡಬೇಕಿಲ್ಲ. ಭಾರತದ ಕ್ಯಾಥೊಲಿಕರಲ್ಲಿ ಒಬ್ಬ ದಲಿತ ಕಾರ್ಡಿನಲ್ ಆಗಲು 2022ರವರೆಗೆ ಕಾಯಬೇಕಾಯಿತು.

ಸರ್ಕಾರದ್ದು ಇನ್ನೊಂದು ಆಟ. 1950ರ ರಾಷ್ಟ್ರಪತಿ ಆದೇಶದ ಮೂರನೇ ಪ್ಯಾರಾ ಹಿಂದೂ ಅಲ್ಲದವನು ಪರಿಶಿಷ್ಟ ಜಾತಿಯವನಲ್ಲ ಎಂದಿತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತ, ಮುಸ್ಲಿಂ ದಲಿತರು ಇವತ್ತಿಗೂ ಹೊರಗೆ. ಆ ಪ್ಯಾರಾ ತೆಗೆಯಿರಿ ಎಂದು ರಂಗನಾಥ ಮಿಶ್ರಾ ಆಯೋಗ 2007ರಲ್ಲೇ ಹೇಳಿತ್ತು. ಜಮೀನ್ದಾರ ಒದೆಯುವಾಗ ದೀಕ್ಷಾಸ್ನಾನದ ಸರ್ಟಿಫಿಕೇಟು ಕೇಳುತ್ತಾನೆಯೇ? ಬಿಷಪ್ಪರುಗಳದ್ದೂ ಎರಡು ನಾಲಿಗೆ. ಮೀಸಲಾತಿ ಕೇಳಲು ದಿಲ್ಲಿಗೆ ಹೋದಾಗ ನಮ್ಮಲ್ಲಿ ಜಾತಿ ಇದೆ ಎನ್ನುತ್ತಾರೆ. ಊರಿನ ಚರ್ಚಲ್ಲಿ ಸ್ಮಶಾನದ ಗೋಡೆ ಯಾಕೆ ಎಂದು ಕೇಳಿದರೆ ನಮ್ಮಲ್ಲಿ ಜಾತಿಯೇ ಇಲ್ಲ ಎನ್ನುತ್ತಾರೆ.

ಇಷ್ಟು ಬರೆದ ಕೂಡಲೇ ಚೆಡ್ಡಿಯವರು ಚಪ್ಪಾಳೆ ತಟ್ಟುತ್ತಾರೆ: "ನೋಡಿ, ಅಕ್ಕಿಗೆ, ಹಾಲಿನ ಪುಡಿಗೆ ಮತ ಮಾರಿಕೊಂಡರು." ಅಯ್ಯಾ, ಹಸಿವು ನಾಚಿಕೆಯಲ್ಲ. ಹಸಿವು ಕೊಟ್ಟವರಿಗೆ ನಾಚಿಕೆಯಾಗಬೇಕು. ಯೇಸು ಕಲಿಸಿದ ಪ್ರಾರ್ಥನೆಯ ನಡುಮಧ್ಯ ಇರುವುದೇ ಅವತ್ತಿನ ಅನ್ನದ ಬೇಡಿಕೆ. 2022ರಲ್ಲಿ ಕರ್ನಾಟಕ ತಂದ ಮತಾಂತರದ ಕಾನೂನು ದಲಿತರನ್ನು, ಹೆಂಗಸರನ್ನು, ಅಪ್ರಾಪ್ತರ ಮತ್ತು ಬುದ್ಧಿ ಸ್ಥಿಮಿತವಿಲ್ಲದವರ ಸಾಲಿನಲ್ಲಿ ಕೂರಿಸಿತು. ದೇವರನ್ನು ಆರಿಸಿಕೊಳ್ಳುವ ಬುದ್ಧಿ ನಮಗಿಲ್ಲ ಎನ್ನುವವರು ಚರ್ಚಿನ ಜಾತಿಯ ಬಗ್ಗೆ ಅಳುವುದು ಮೊಸಳೆಯ ಕಣ್ಣೀರು.

1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಎದ್ದು ನಿಂತು, ಭಾರತದ ಕ್ರೈಸ್ತ ಚಿಂತನೆ ಬ್ರಾಹ್ಮಣರ ವೇದಾಂತದ ಬೆನ್ನು ಹತ್ತಿದೆ ಎಂದರು. ದಲಿತ ದೇವಶಾಸ್ತ್ರದ ಮಾತು ಅಲ್ಲಿಂದ ಶುರುವಾಯಿತು. ಆ ಮಾತು ಕಾಲೇಜಿನ ಕಾಂಪೌಂಡು ದಾಟಿ ಕೇರಿಯ ಪ್ರಾರ್ಥನಾ ಮಂದಿರಕ್ಕೆ ಬರಬೇಕು.

ಪಾದ್ರಿಗಳೇ, ನಮಗೆ ನಿಮ್ಮ ಕರುಣೆ ಬೇಡ. ಶುಭ ಗುರುವಾರ ಕಾಲು ತೊಳೆಯುತ್ತೀರಲ್ಲ, ಚರಂಡಿಗಿಳಿದು ಬಂದ ಪೌರಕಾರ್ಮಿಕನ ಕಾಲನ್ನು ತೊಳೆಯಿರಿ. ಆ ಬಟ್ಟಲನ್ನು ಮೊದಲು ಅವನ ಕೈಗೆ ಕೊಡಿ, ಅವನು ಕುಡಿದ ಮೇಲೆ ನಿಮ್ಮ ದೊಡ್ಡ ಮನೆತನದವರು ಕುಡಿಯಲಿ. ಸತ್ತವರ ನಡುವೆ ಗೋಡೆ ಇದ್ದರೆ ಹಾರೆ ಹಿಡಿಯಿರಿ. ಗೋಡೆ ಬಿದ್ದ ಮೇಲೆ ಗಂಟೆ ಬಾರಿಸಿ. ಅವತ್ತು ಆರಾಧನೆಗೆ ನಾನೂ ಬರುತ್ತೇನೆ.