ಒಡ್ಡು ಒಡೆದರೆ ಯಾರ ಹೊಣೆ?

ಅಘನಾಶಿನಿಯ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದಾಗ ಮುಂಬಯಿಯಲ್ಲಿರುವ ನಮ್ಮ ಕುಮಟಾ ಸೀಮೆಯ ಬಂಧುಗಳು ಹಿಗ್ಗಿದರು. 4,801 ಹೆಕ್ಟೇರಿನ ಆ ಜೌಗುನೆಲಕ್ಕೆ ಜಗತ್ತಿನ ಮನ್ನಣೆ ದೊರೆತುದು ಹಿಗ್ಗತಕ್ಕ ಸಂಗತಿಯೇ ಸರಿ. ಆದರೆ ಆ ನೆಲದಲ್ಲಿ ಪಾಲುಳ್ಳವರಾಗಿ ನಾವು ಮಾಡಿದುದೇನು ಎಂಬ ಪ್ರಶ್ನೆಯನ್ನು ಆ ಹಿಗ್ಗಿನ ನಡುವೆ ಯಾರೂ ಕೇಳಿಕೊಂಡಂತೆ ಕಾಣಲಿಲ್ಲ.

ಈ ಹೊಳೆಯ ಕಣಿವೆ ಬಹಳ ದೊಡ್ಡದೇನಲ್ಲ. ಶಿರಸಿಯ ಶಂಕರಹೊಂಡದ ತೊರೆಯೂ ಮಂಜಗುಣಿಯ ಕಡೆಯ ಬಕುರಹೊಳೆಯೂ ಕೂಡಿ ಹರಿದು, ಉಂಚಳ್ಳಿಯಲ್ಲಿ 116 ಮೀಟರು ಧುಮುಕಿ, ಸುಮಾರು 120 ಕಿಲೋಮೀಟರು ಸಾಗಿ ತದಡಿಯ ಬಳಿ ಕಡಲನ್ನು ಸೇರುವುದು. ಇದಕ್ಕೆ ಅಡ್ಡಲಾಗಿ ದೊಡ್ಡ ಅಣೆಕಟ್ಟು ಇಂದಿಗೂ ಇಲ್ಲ. ಘಟ್ಟದ ಮೇಲೆ ಹವ್ಯಕರ ಅಡಕೆ ತೋಟಗಳು, ಅವಕ್ಕೆ ಸೊಪ್ಪು ಕೊಡುವ ಬೆಟ್ಟಗಳು; ಕೆಳಗೆ ಹಾಲಕ್ಕಿ ಒಕ್ಕಲಿಗರ ಕೊಪ್ಪಗಳು, ಪಟಗಾರರ ಮತ್ತು ನಾಮಧಾರಿಗಳ ಕೇರಿಗಳು; ನೀರಿನಂಚಿನಲ್ಲಿ ಅಂಬಿಗರು, ಹರಿಕಂತ್ರರು, ಸಾಣಿಕಟ್ಟೆಯ ಉಪ್ಪಿನಾಗರಗಳಲ್ಲಿ ದುಡಿಯುವವರು. ಹಾಲಕ್ಕಿಗಳ ಕೊಪ್ಪಕ್ಕೊಬ್ಬ ಗೌಡ, ಅವನಿಗೊಬ್ಬ ಬುಧವಂತ, ಕರೆ ಕೊಟ್ಟು ಬರಲು ಕೋಲಕಾರ. ಒಬ್ಬೊಬ್ಬರ ಬದುಕೂ ಬೇರೆ. ಆದರೆ ನೀರು ಎಲ್ಲರಿಗೂ ಒಂದೇ.

ಈ ಕೂಡುಬಾಳಿನ ನಿಜವಾದ ಗುರುತು ಗಜನಿ ಭೂಮಿ. ಮಳೆಗಾಲದಲ್ಲಿ ಸಿಹಿನೀರು ಉಪ್ಪನ್ನು ತೊಳೆದೊಡನೆ ಮೊಳಕೆ ಬರಿಸಿದ ಕಗ್ಗದ ಬೀಜವನ್ನು ಬಿತ್ತುವರು. ಆಳೆತ್ತರ ಬೆಳೆಯುವ ಈ ಭತ್ತ ಉಪ್ಪನ್ನೂ ತಾಳುವುದು, ಕೆಲವು ದಿನ ನೆರೆಯಲ್ಲಿ ಮುಳುಗಿದರೂ ಬದುಕುವುದು; ಗೊಬ್ಬರವನ್ನು ಬೇಡದು. ಕೊಯ್ಲಿನಲ್ಲಿ ತೆನೆಯನ್ನಷ್ಟೇ ಕೊಯ್ದು ಹುಲ್ಲನ್ನು ನಿಲ್ಲಿಸಿ, ಆಮೇಲೆ ತೂಬು ತೆರೆದು ಭರತದ ನೀರನ್ನು ಒಳಬಿಡುವರು. ಕೊಳೆತ ಹುಲ್ಲನ್ನರಸಿ ಮೀನು ಸಿಗಡಿಗಳು ಬರುವುವು. ಒಂದೇ ಗದ್ದೆ ವರ್ಷಕ್ಕೊಮ್ಮೆ ಅನ್ನ, ಒಮ್ಮೆ ಮೀನು ಕೊಡುವುದು.

ಇದೆಲ್ಲ ನಿಂತಿರುವುದು ಒಂದು ಒಡ್ಡಿನ ಮೇಲೆ. ಹಿಂದೆ ಅದು ಮಣ್ಣಿನದು. ಗದ್ದೆಯುಳ್ಳವರೆಲ್ಲ ಕೂಡಿ ಕಟ್ಟಿ ಕಾಯುತ್ತಿದ್ದರು. 1970ರ ದಶಕದಲ್ಲಿ ಸರಕಾರ ಕಲ್ಲಿನ ಒಡ್ಡು ಕಟ್ಟಿಸಿತು. ಅನುಕೂಲವೇನೋ ಆಯಿತು, ಆದರೆ ಒಡ್ಡು ಸರಕಾರದ್ದೆಂಬ ಭಾವನೆಯೂ ಅಂದೇ ಬೇರೂರಿತು. 1990ರ ದಶಕದಲ್ಲಿ ಸಿಗಡಿಯ ಆಸೆ ಬಂತು. ರೋಗ ತಗುಲಿ ಸಿಗಡಿ ಸತ್ತಿತು. 1996ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಕರಾವಳಿಯ ಸಿಗಡಿ ಕೃಷಿಗೆ ಕಡಿವಾಣ ಹಾಕಿತು. ಅಷ್ಟರಲ್ಲಿ ಅನೇಕರು ಕಗ್ಗವನ್ನು ಮರೆತಿದ್ದರು.

ನಾವು ಇಲ್ಲಿ ಪರರನ್ನು ದೂರಿ ಜಾರಿಕೊಳ್ಳಲಾರೆವು. ನಮ್ಮ ಮನೆತನಕ್ಕೂ ಅಲ್ಲಿ ಹನ್ನೆರಡು ಗುಂಟೆ ಗಜನಿಯಿದೆ. ಪಹಣಿಯಲ್ಲಿ ಹದಿನಾಲ್ಕು ಹೆಸರು. ನಾವು ಹೋಟೆಲು ನಡೆಸುತ್ತಿದ್ದ ದಿನಗಳಲ್ಲಿ ಒಮ್ಮೆ ಊರಿನಿಂದ ಫೋನು ಬಂತು. "ತಮ್ಮಾ, ಒಡ್ಡು ಬಿರುಕು ಬಿಟ್ಟದೆ, ನಿಮ್ಮ ಪಾಲಿನ ಹಣ ಕಳಿಸು" ಎಂದರು ನೆರೆಯ ಗೌಡರು. ಕೇಳಿದುದು ನಮ್ಮ ಗಲ್ಲಾಪೆಟ್ಟಿಗೆಯ ಅರ್ಧ ದಿನದ ವ್ಯಾಪಾರ. ಉಳಿದ ಹದಿಮೂರು ಮಂದಿ ಕೊಡಲಿ ನೋಡೋಣ ಎಂದು ಸುಮ್ಮನಾದೆವು. ಅವರೂ ಹಾಗೆಯೇ ಎಣಿಸಿದರು. ಆ ಮಳೆಗಾಲದಲ್ಲಿ ಒಡ್ಡು ಒಡೆಯಿತು. ನಮಗಾದ ನಷ್ಟ ಏನೂ ಇಲ್ಲ. ಗೌಡರ ಗದ್ದೆ ಹೋಯಿತು. ಅವರ ಮನೆಯ ಬಾವಿಯ ನೀರು ಉಪ್ಪಾಯಿತು. ಮುಂದಿನ ವರ್ಷ ಊರಿಗೆ ಹೋದಾಗ ಅವರು ಒಂದು ಮಾತನ್ನೂ ಆಡದೆ ಚಹಾ ಕೊಟ್ಟರು. ಆ ಚಹಾ ಇಂದಿಗೂ ಗಂಟಲಲ್ಲಿದೆ.

ಕಗ್ಗದಿಂದ ಲಾಭವೆಲ್ಲಿ ಎಂದು ಕೇಳುವವರುಂಟು. ಕೂಲಿ ದುಬಾರಿ, ಆಳು ಸಿಗರು, ಮೀನಿನ ಹರಾಜೇ ಲೇಸು ಎಂಬ ವಾದದಲ್ಲಿ ಸತ್ಯವಿಲ್ಲವೆಂದಲ್ಲ. ಆದರೆ ಬೆಳೆಯಿಲ್ಲದಿದ್ದಲ್ಲಿ ಒಡ್ಡನ್ನು ಕಾಯುವವರಿಲ್ಲ; ಒಡ್ಡಿಲ್ಲದಿದ್ದಲ್ಲಿ ಉಪ್ಪುನೀರು ಗದ್ದೆಯಲ್ಲೇ ನಿಲ್ಲದೆ ತೋಟಕ್ಕೆ, ಬಾವಿಗೆ ನುಗ್ಗುವುದು. ಇನ್ನು ಮಾರಿಬಿಡೋಣ ಎಂಬವರು ನೆನೆಯಲಿ: ಈ ಜಿಲ್ಲೆಯ ಗೇಣಿದಾರರಿಗಾಗಿ ಹೋರಾಡಿ, ಸ್ವಂತ ಜಿಲ್ಲೆಯಿಂದಲೇ ಬ್ರಿಟಿಷರಿಂದ ಗಡೀಪಾರಾದ ದಿನಕರ ದೇಸಾಯಿಯವರು ಇದೇ ಮುಂಬಯಿಯಲ್ಲಿ ದುಡಿದವರು. 1974ರ ಕಾಯಿದೆಯಿಂದ ಉಳುವವನಿಗೆ ಭೂಮಿ ದಕ್ಕಿತು. 2020ರ ತಿದ್ದುಪಡಿಯಿಂದ ಕೃಷಿಕನಲ್ಲದವನೂ ಅದನ್ನು ಕೊಳ್ಳಬಹುದಾಗಿದೆ. ಅಜ್ಜ ಗೇಣಿ ಕೊಟ್ಟು ಬೆವರು ಸುರಿಸಿ ಪಡೆದುದನ್ನು ಮೊಮ್ಮಗ ಒಂದು ಸಹಿಯಿಂದ ಕಳೆಯುವುದು ಧರ್ಮವೆ?

ಊರಿಗೆ ಮರಳಿ ನೇಗಿಲು ಹಿಡಿಯಿರೆಂದು ನಾವು ಹೇಳುವುದಿಲ್ಲ. ಅದು ಆಗದ ಮಾತು. ಆಗುವ ಮಾತುಗಳು ಮೂರು. ನಮ್ಮ ಪಾಲಿನ ಒಡ್ಡಿನ ಖರ್ಚನ್ನು ಕೇಳುವ ಮೊದಲೇ ಕಳಿಸುವುದು. ಪಹಣಿಯಲ್ಲಿರುವ ಹೆಸರುಗಳೆಲ್ಲ ಕೂಡಿ, ಬಿತ್ತಲು ಸಿದ್ಧರಿರುವವರಿಗೆ ಲಿಖಿತ ಒಪ್ಪಿಗೆ ಕೊಡುವುದು. ಮಾಣಿಕಟ್ಟೆಯ ರೈತರು ಒಂದುಗೂಡಿ ಕಗ್ಗವನ್ನು ಉಳಿಸಿಕೊಂಡುದು ಕಣ್ಣೆದುರಿಗಿದೆ. ಮೂರನೆಯದಾಗಿ, ಬೆಳೆದ ಅಕ್ಕಿಗೆ ಇಲ್ಲಿ ಗಿರಾಕಿಯಾಗುವುದು. ನಮ್ಮವರ ಹೋಟೆಲುಗಳೂ ಸಂಘಗಳೂ ಈ ನಗರದಲ್ಲಿ ಕಡಮೆಯಿಲ್ಲ. ವಾರ್ಷಿಕೋತ್ಸವದ ಊಟಕ್ಕೊಮ್ಮೆ ಕಗ್ಗದ ಗಂಜಿ ಬಡಿಸಿದರೆ ಯಾರ ಮಾನವೂ ಹೋಗದು.

1956ರವರೆಗೆ ಆ ಜಿಲ್ಲೆ ಮುಂಬಯಿ ಪ್ರಾಂತದಲ್ಲೇ ಇತ್ತು. ಗಡಿ ಬದಲಾಯಿತು, ಹೊಣೆ ಬದಲಾಗಲಿಲ್ಲ. ಮಳೆಗಾಲಕ್ಕೆ ಮುನ್ನ ಪ್ರತಿಯೊಬ್ಬರೂ ಊರಿಗೊಂದು ಫೋನು ಮಾಡಿ ಒಡ್ಡು ಹೇಗಿದೆಯೆಂದು ವಿಚಾರಿಸಲಿ. ಈ ಸಲ ನಾವು ನಮ್ಮ ಪಾಲನ್ನು ಕಳಿಸಿದ್ದೇವೆ. ಉಳಿದ ಹದಿಮೂರು ಮಂದಿಗೂ ಬರೆದಿದ್ದೇವೆ.