ದಾರದಲ್ಲಿ ಅಳೆದ ದೂರ

ಕಳೆದ ಭಾನುವಾರ ಪಕ್ಕದ ಮನೆಯ ಹಿರಿಯಮ್ಮನವರು ನಮ್ಮ ಮನೆಯ ಭೂಗೋಳವನ್ನು ಕೇಳಿ ಕಳುಹಿಸಿದರು. ಭೂಗೋಳದೊಡನೆ ನಾನೂ ಹೋದೆ.

“ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೋಗೂ ಎಷ್ಟು ದೂರ ಮೇಷ್ಟ್ರೇ?” ಎಂದರು. ಅವರ ಒಬ್ಬನೇ ಮಗ ಇರುವುದು ಅಲ್ಲಿ.

ಹೂ ಕಟ್ಟುವ ದಾರವನ್ನು ತರಿಸಿ ಎರಡೂ ಊರುಗಳ ನಡುವೆ ಬಿಗಿಯಾಗಿ ಹಿಡಿದೆ. ಗೋಡೆಯ ನಕ್ಷೆಯನ್ನು ನಂಬಿದವರು ಅದು ಶಾಂತಸಾಗರದ ಮೇಲೆ ನೆಟ್ಟಗೆ ಪೂರ್ವಕ್ಕೆ ಹೋದೀತೆಂದು ಎಣಿಸುತ್ತಾರೆ. ನಾನೂ ಹಾಗೆಯೇ ಎಣಿಸಿದ್ದವನು. ದಾರವಾದರೋ ಚೀನ, ಮಂಗೋಲಿಯಗಳನ್ನು ದಾಟಿ, ಸೈಬೀರಿಯದ ಈಶಾನ್ಯ ತೀರವನ್ನು ಸವರಿ, ಅಲಾಸ್ಕದ ಮೇಲಿಂದ ಇಳಿದು ಬಂದಿತು. ಲೆಕ್ಕಕ್ಕೆ ಸುಮಾರು 14,000 ಕಿಲೋಮೀಟರು.

“ಗಂಟೆಗೆ ಎಷ್ಟು ಹೋಗುತ್ತದೆ?”

“ಸುಮಾರು 900.”

“ಹಾಗಾದರೆ ಹದಿನೈದೂವರೆ ಗಂಟೆ.” ಮೂವತ್ತು ವರ್ಷ ಗಣಿತ ಹೇಳಿಕೊಟ್ಟವರು!

ಆದರೆ ವಿಮಾನದ ಲೆಕ್ಕದಲ್ಲಿ ಗಾಳಿಯೂ ಒಂದು ಅಂಕಿ. ಹತ್ತು ಕಿಲೋಮೀಟರು ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ರಭಸದ ವಾಯುಪ್ರವಾಹವೊಂದಿದೆ. ಚಳಿಗಾಲದಲ್ಲಿ ಅದರ ವೇಗ ಗಂಟೆಗೆ 200 ಕಿಲೋಮೀಟರನ್ನು ಮೀರುವುದುಂಟು. ಹೋಗುವಾಗ ಆ ಗಾಳಿಯನ್ನು ಬೆನ್ನಿಗೆ ಪಡೆಯಲೆಂದು ಸುತ್ತಾದರೂ ಶಾಂತಸಾಗರದ ಮೇಲೆ ಹಾರುವುದು ಲಾಭ. ಬರುವಾಗ ಅದರಿಂದ ತಪ್ಪಿಸಿಕೊಳ್ಳಲು ಉತ್ತರಕ್ಕೆ ಸರಿಯಬೇಕು. 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟ ಏರ್ ಇಂಡಿಯಾ ವಿಮಾನವನ್ನು ಕ್ಯಾಪ್ಟನ್ ಜೋಯಾ ಅಗರ್ವಾಲರ ನಾಯಕತ್ವದಲ್ಲಿ ಮಹಿಳೆಯರೇ ನಡೆಸಿ, ಉತ್ತರಧ್ರುವದ ಮೇಲಿಂದ ತಂದು ಬೆಂಗಳೂರಿನಲ್ಲಿ ಇಳಿಸಿದರು. ಪಯಣ ಸುಮಾರು ಹದಿನೇಳು ಗಂಟೆ. ಇಳಿದಾಗ 11ನೆಯ ತಾರೀಖಿನ ನಸುಕು. ಎರಡು ಊರುಗಳ ಗಡಿಯಾರಗಳಿಗೆ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆಯ ಅಂತರವಾದ್ದರಿಂದ, ಪ್ರಯಾಣಿಕರ ಪಾಲಿಗೆ 10ನೆಯ ತಾರೀಖು ಆಕಾಶದಲ್ಲಿಯೇ ಕರಗಿಹೋಯಿತು. ಇಲ್ಲಿಂದ ಹೋಗುವವರಿಗೆ ಇದರ ತಿರುಗುಮುರುಗು: ಮಧ್ಯಾಹ್ನ ಎರಡಕ್ಕೆ ಹೊರಟು ಹದಿನಾರು ಗಂಟೆ ಹಾರಿದರೂ ಅದೇ ದಿನ ಸಂಜೆ ನಾಲ್ಕೂವರೆಗೆ ಇಳಿಯುತ್ತಾರೆ. ಇಷ್ಟನ್ನೂ ನಾನು ಉತ್ಸಾಹದಿಂದ ವಿವರಿಸಿದೆ, ಮೇಷ್ಟರ ಚಾಳಿ.

ಅವರು ಕೇಳಿಸಿಕೊಂಡು, “ಅದು ನೇರ ವಿಮಾನದ ಮಾತಾಯಿತು. ಇಲ್ಲಿಂದ ಫೋನು ಹೋದಮೇಲೆ ಅವನು ಈ ಬಾಗಿಲಿಗೆ ಬರುವುದಕ್ಕೆ?” ಎಂದರು.

ಆಗ ನನಗೆ ಅರ್ಥವಾಯಿತು. ಹೋದ ವರ್ಷ ಯಜಮಾನರು ತೀರಿಕೊಂಡಾಗ, ರಾತ್ರಿ ಕಳೆಯುವಂತಿಲ್ಲವೆಂದು ಹಿರಿಯರು ಅವಸರಪಡಿಸಿದ್ದರು. ಮಗ ಬಂದದ್ದು ಮೂರನೆಯ ದಿನ.

ಮತ್ತೆ ಕೂಡಿಸತೊಡಗಿದೆವು. ಟಿಕೆಟು ಸಿಗುವ ಹೊತ್ತು. ಮೂರು ಗಂಟೆ ಮುಂಚೆ ನಿಲ್ದಾಣ ಸೇರುವುದು. ನೇರ ವಿಮಾನವಿಲ್ಲದಿದ್ದರೆ ಫ್ರಾಂಕ್‌ಫರ್ಟಿನಲ್ಲೋ ಸಿಂಗಪುರದಲ್ಲೋ ಕಾಯುವುದು. ದೇವನಹಳ್ಳಿಯಿಂದ ಮನೆಯವರೆಗೆ ಎರಡು ಗಂಟೆ. ಹದಿನೈದೂವರೆ ಗಂಟೆ ಬೆಳೆದು ಬೆಳೆದು ಮೂವತ್ತನ್ನು ದಾಟಿತು.

“ನನ್ನನ್ನು ಕಾಯಿಸಿ ಎಂದು ಬರೆದಿಡುತ್ತೇನೆ. ಒಂದೂವರೆ ದಿನ ಎನ್ನಲೇ?”

“ಎರಡು ದಿನವೆಂದೇ ಬರೆಯಿರಿ ಅಮ್ಮ,” ಎಂದೆ.

ಅವರು ತಲೆಯಾಡಿಸಿ, ದಾರವನ್ನು ಬೆರಳಿಗೆ ಸುತ್ತಿ, ಮಲ್ಲಿಗೆಯ ಬುಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡರು.